ಹಲ್ಲಿಗೆ ಸಿಗದ ಕೆಂಪು

ನವೆಂಬರ್ 14

ಬೆಟ್ಟ: ಬೂದು. ಆಕಾಶ: ಬೂದು.

ಬೆಳಗ್ಗೆ ಬಾಗಿಲು ತೆರೆದ ಕೂಡಲೇ ಲುಕಾಚುಕಾಯ್ ಬೆಟ್ಟದ ಬಣ್ಣ ಬರೆದಿಡುವುದು ನನ್ನ ಹಳೆಯ ಚಾಳಿ. ಮುಂಚೆ ಒಂದು ಪುಟ ಸಾಲುತ್ತಿರಲಿಲ್ಲ. "ಬೆಟ್ಟ ಎಲ್ಲೂ ಓಡಿ ಹೋಗಲ್ಲ ಕಣೇ, ಮೊದ್ಲು ಕಾಫಿ ಕುಡಿ" ಎಂದು ನನ್ನ ಗಂಡ ಒಳಗಿನಿಂದ ಕೂಗುತ್ತಿದ್ದ. ಸರಿಯೇ, ಬೆಟ್ಟ ಓಡಿ ಹೋಗಲಿಲ್ಲ. ಅಕ್ಟೋಬರಿನಲ್ಲಿ ಅವನು ಹೋದ. ಎದೆನೋವು ಎಂದು ಆಸ್ಪತ್ರೆಗೆ ಸೇರಿಸಿದೆವು, ಅಲ್ಲಿಂದ ಬರಲಿಲ್ಲ. ಮನೆಯೊಳಗೆ ಜೀವ ಹೋಗಿದ್ದರೆ, ನಮ್ಮ ಜನರ ಪದ್ಧತಿಯಂತೆ, ಈ ಮನೆಯನ್ನೇ ಬಿಡಬೇಕಾಗುತ್ತಿತ್ತು.

ಅವನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಹೋದವರನ್ನು ಹೆಸರು ಹಿಡಿದು ಕರೆದರೆ ದಾರಿಯಲ್ಲಿ ನಿಂತು ಹಿಂತಿರುಗಿ ನೋಡುತ್ತಾರೆ.

ನಾಲ್ಕು ದಿನದ ಸೂತಕ ಮುಗಿಯುವಷ್ಟರಲ್ಲಿ ಹೋದವರ ವಸ್ತು ಮನೆಯಲ್ಲಿರಬಾರದೆಂದು ಅವನದೆನ್ನುವುದೆಲ್ಲ ಹೊರಟುಹೋಯಿತು. ಕುದುರೆಯ ತಡಿ, ಬೂಟು, ಟೋಪಿ ಅವನ ಜೊತೆ ಮಣ್ಣಿಗೆ ಹೋದವು. ಅರೆಯುವ ಕಲ್ಲನ್ನು ಒಡೆದು ಹೂಳಿದರು. ಟ್ರಕ್ಕನ್ನು ದೂರದ ನೆಂಟನೊಬ್ಬ ಓಡಿಸಿಕೊಂಡು ಹೋದ. ಕೊನೆಗೆ ನನ್ನ ತಮ್ಮ ಡೆಲ್ಬರ್ಟ್, ನಾನು ಚಿತ್ರ ಬರೆಯುವ ಶೆಡ್ಡಿನ ಬಾಗಿಲಲ್ಲಿ ನಿಂತು, ಹಲಗೆಯ ಮೇಲಿನ ಐದು ಸೀಸೆಗಳತ್ತ ತುಟಿ ಚಾಚಿ ತೋರಿಸಿದ.

"ಅದೂನಾ ಅಕ್ಕ?"

"ಅವು ನನ್ನವು. ನನ್ನ ಬಣ್ಣ."

ರೋಡಿಯೋದಲ್ಲಿ, ಅಂದರೆ ಗೂಳಿ ಸವಾರಿಯ ಪಂದ್ಯಗಳಲ್ಲಿ, ಮೈಕು ಹಿಡಿದು ಕೂಗಿಯೇ ಹೊಟ್ಟೆ ಹೊರೆಯುವವನು ಡೆಲ್ಬರ್ಟ್. ಅವನು ಬಾಯಿ ಮುಚ್ಚಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ನವೆಂಬರ್ 29

ಬೆಟ್ಟ: ನೋಡಲಿಲ್ಲ.

ಇವತ್ತು ಶೆಡ್ಡಿಗೆ ಹೋಗಿ ಕೆಂಪಿನ ಸೀಸೆಯ ಮುಚ್ಚಳ ತೆಗೆದೆ. ಪುಡಿಯ ಮೇಲೆ ಬೆರಳಿನ ಗುಳಿ ಹಾಗೆಯೇ ಇದೆ. ಅವನ ಬೆರಳು. ಮುಚ್ಚಿಟ್ಟು ಬಂದೆ.

ಕಲ್ಲು ಆರಿಸುವವಳು ನಾನು, ಅರೆಯುವವನು ಅವನು. ಮದುವೆಯಾದ ಹೊಸತರಲ್ಲೇ ಹಾಗೆ ಆಗಿಹೋಯಿತು. ನನಗೆ ತಾಳ್ಮೆಯಿಲ್ಲ. ನಾನು ಅರೆದ ಬಣ್ಣ ಬಟ್ಟೆಯ ಮೇಲೆ ಮರಳಾಗಿ ಉದುರುತ್ತಿತ್ತು. ಅವನೋ, ಆ ಕಲ್ಲಿನ ಮುಂದೆ ಕೂತನೆಂದರೆ ರೇಡಿಯೋದಲ್ಲಿ ಬಾಸ್ಕೆಟ್‌ಬಾಲ್ ಆಟ ಮುಗಿಯುವವರೆಗೂ ಏಳುತ್ತಿರಲಿಲ್ಲ. ಆಮೇಲೆ ಒಂದು ಚಿಟಿಕೆ ನಾಲಿಗೆಗೆ ಹಾಕಿ ಹಲ್ಲು ಮಸೆಯುವನು. "ಹಲ್ಲಿಗೆ ಸಿಕ್ಕರೆ ಇನ್ನೂ ಕಲ್ಲು. ಸಿಗದಿದ್ರೆ ಬಣ್ಣ." ಊರವರ ಎದುರು ಕೆಂಪು ನಾಲಿಗೆ ಚಾಚಿಕೊಂಡು ನಗುವನು. ನನಗೆ ನಾಚಿಕೆಯಾಗಿ ಬೈಯುತ್ತಿದ್ದೆ. ಎಷ್ಟು ಬೈದಿದ್ದೇನೆ!

ಡಿಸೆಂಬರ್ 17

ಹಿಮ. ಕುರಿಗಳಿಗೆ ಹುಲ್ಲು ಹಾಕಿದೆ.

ಮಗಳು ರೊಲಿಂಡಾ ಹೊಟ್ಟೆ ಹೊತ್ತುಕೊಂಡು ಬಂದಳು. ಅಳಿಯ ರೈಲು ಹಳಿ ಹಾಕುವ ತಂಡದೊಂದಿಗೆ ದೂರದ ಊರಲ್ಲಿದ್ದಾನೆ. ಹೆರಿಗೆ ಇಲ್ಲೇ, ಬಾಣಂತನವೂ ಇಲ್ಲೇ. ಅಡುಗೆಮನೆಯಲ್ಲಿ ಇನ್ನೊಬ್ಬರ ಪಾತ್ರೆಯ ಸದ್ದು ಕೇಳಿ ಮೊದಲು ಸಿಟ್ಟು ಬಂತು. ಯಾಕೆ ಎಂದು ಗೊತ್ತಿಲ್ಲ.

ಡಿಸೆಂಬರ್ 22

ಡೆಲ್ಬರ್ಟ್ ಬಂದಿದ್ದ. ಕೂಸನ್ನು ಬಿಗಿದು ಎತ್ತಿಕೊಂಡು ಹೋಗುವ ಮರದ ತೊಟ್ಟಿಲ ಹಲಗೆ ಮಾಡಿ ತಂದಿದ್ದಾನೆ, ಚೆನ್ನಾಗಿದೆ. ಗೋಡೆಗೆ ಒರಗಿಸಿಟ್ಟ ನನ್ನ ಅರೆಬರೆ ಚಿತ್ರದ ಮುಂದೆ ನಿಂತು ತನ್ನ ಹಳೇ ರಾಗ ತೆಗೆದ.

"ಅಕ್ಕ, ಬೆಟ್ಟ ಅಂತೀಯ. ಬರೀ ಪಟ್ಟೆ ಪಟ್ಟೆ. ಇದ್ರಲ್ಲಿ ಕುರಿ ಎಲ್ಲಿ?"

ಪ್ರತಿ ಸಲ ಇದೇ ಪ್ರಶ್ನೆ. ಉತ್ತರ ಕೊಡುತ್ತಿದ್ದವನು ನಾನಲ್ಲ, ಅವನು. "ಕುರಿ ಆಗ್ಲೇ ಬೆಟ್ಟ ದಾಟಿ ಹೋದ್ವು, ನೀನು ಬಂದಿದ್ದು ಲೇಟು." ಇಬ್ಬರೂ ಹೊಟ್ಟೆ ಹಿಡಿದು ನಗುವರು. ಇವತ್ತು ಪ್ರಶ್ನೆ ಕೇಳಿದ ಮೇಲೆ ಡೆಲ್ಬರ್ಟನಿಗೇ ತಪ್ಪು ಗೊತ್ತಾಯಿತು. ಟೋಪಿ ಸರಿಮಾಡಿಕೊಂಡು ಹೊರಟುಬಿಟ್ಟ.

ನಾನು ಬೆಟ್ಟವನ್ನು ಬರೆಯುವುದಿಲ್ಲ. ಮಳೆ ಬಿದ್ದ ಮೇಲೆ ಕೆಂಪು ಬಂಡೆಯ ಬುಡದಲ್ಲಿ ಒಂದು ಗೆರೆ ಕಪ್ಪಾಗುತ್ತದೆ, ಬಿಸಿಲು ಅದರ ಮೇಲೆ ಇಳಿಯುತ್ತದೆ. ಅದನ್ನು ಬರೆಯುತ್ತೇನೆ. ಬರೆಯುತ್ತಿದ್ದೆ.

ಜನವರಿ 8

ಹೆಣ್ಣು. ಎರಡೂ ಮುಷ್ಟಿ ಬಿಗಿದುಕೊಂಡೇ ಬಂತು.

ಜನವರಿ 20

ಬೆಟ್ಟ: ಬಿಳಿ.

ಅಳಿಯ ಬಂದು ಹೋದ. ಅತ್ತೆ ಅಳಿಯ ಒಬ್ಬರ ಮುಖ ಒಬ್ಬರು ನೋಡಬಾರದೆಂದು ಪಾಪ ದೂರದಿಂದಲೇ ಹಾರ್ನ್ ಹೊಡೆದ, ನಾನು ಕುರಿಕೊಟ್ಟಿಗೆ ಸೇರಿದೆ. ಈಗಿನ ಹುಡುಗರು ಇಷ್ಟನ್ನೂ ಪಾಲಿಸುವುದಿಲ್ಲ. ಒಳ್ಳೆಯವನು.

ಮನೆಯಲ್ಲಿ ಈಗ ಒಂದೇ ಮಾತು, ಮಗುವನ್ನು ಮೊದಲು ನಗಿಸುವವರು ಯಾರು. ಬಾಯಿಬಿಟ್ಟು ನಕ್ಕ ದಿನವೇ ಮಗು ದೇವತೆಗಳ ಕಡೆಯಿಂದ ನಮ್ಮ ಕಡೆಗೆ ಬಂದಂತೆ. ನಗಿಸಿದವರು ಊರಿಗೆ ಊಟ ಹಾಕಬೇಕು, ಮಗುವಿನ ಕೈಯಿಂದ ಉಪ್ಪು ಹಂಚಿಸಬೇಕು. ಅವರ ಗುಣವೇ ಮಗುವಿಗೆ ಬರುತ್ತದೆ.

ರೊಲಿಂಡಾ ಡಯಾಪರ್ ಮಡಚುತ್ತ, ನನ್ನ ಕಡೆ ನೋಡದೆ ಹೇಳಿದಳು. "ಅಮ್ಮಾ, ಡೆಲ್ಬರ್ಟ್ ಮಾವಂಗೆ ಹೇಳಿದೀನಿ. ಅವರೇ ನಗಿಸ್ಲಿ. ನೀನು... ಬೇಜಾರ್ ಮಾಡ್ಕೋಬೇಡ. ನೀನು ಈಗ ಇರೋ ಹಾಗಿದ್ದಾಗ ಬೇಡ."

"ನನ್ನ ಮುಖ ನೋಡಿ ನಗೋಕೆ ಅದಕ್ಕೇನು ಹುಚ್ಚಾ?" ಅಂದೆ.

ಸರಿಯಾಗಿಯೇ ಹೇಳಿದ್ದಾಳೆ. ನನ್ನ ಗುಣ ಆ ಕೂಸಿಗೆ ಯಾಕೆ? ಆದರೂ ಎದೆಯಲ್ಲಿ ಮುಳ್ಳು ಮುರಿದ ಹಾಗಾಯಿತು. ಇನ್ನು ಮಗುವನ್ನು ಎತ್ತಿಕೊಂಡರೂ ಮುಖ ಆಚೆ ತಿರುಗಿಸಿಕೊಂಡೇ ಇರಬೇಕು.

ಫೆಬ್ರವರಿ 11

ಡೆಲ್ಬರ್ಟ್ ಕತ್ತೆಯಂತೆ ಕೂಗಿದ. ಟೋಪಿಯನ್ನು ಮೂಗಿನ ಮೇಲೆ ನಿಲ್ಲಿಸಿದ. ರೋಡಿಯೋದಲ್ಲಿ ಗೂಳಿ ಬಿಡುವಾಗ ಕೂಗುವ ಹಾಗೆ ಕೂಗಿದ. ಮಗು ಅವನನ್ನು ಮುಖ ಗಂಟಿಕ್ಕಿಕೊಂಡು ನೋಡಿ, ಆಕಳಿಸಿ, ನಿದ್ದೆ ಹೋಯಿತು.

"ಇದು ನಿನ್ನ ಮೊಮ್ಮಗಳೇ ಬಿಡು ಅಕ್ಕ, ಅನುಮಾನವೇ ಬೇಡ" ಎಂದ.

ಆದರೆ ಸಂಜೆಯಾದರೆ ಅಳು. ಒಂದೇ ಸಮ, ಉಸಿರು ಸಿಕ್ಕಿಕೊಳ್ಳುವ ಅಳು. ಕ್ಲಿನಿಕ್ಕಿನಲ್ಲಿ ಹೊಟ್ಟೆಯ ಗಾಳಿ ಎಂದರಂತೆ. ರೊಲಿಂಡಾಳ ಕಣ್ಣಿನ ಸುತ್ತ ಕಪ್ಪಾಗಿದೆ.

ಫೆಬ್ರವರಿ 24

ಹೇಗೆ ಬರೆಯಲಿ.

ತಾಯಿಯಿಲ್ಲದ ಕುರಿಮರಿಗೆ ಹಾಲು ಕುಡಿಸುವ ಬಾಟಲಿ ಹುಡುಕಿಕೊಂಡು ರೊಲಿಂಡಾ ಶೆಡ್ಡಿಗೆ ಹೋಗಿದ್ದಾಳೆ. ಬಂದು ಬಾಗಿಲಲ್ಲೇ ನಿಂತಳು. ಮುಖದಲ್ಲಿ ರಕ್ತವಿಲ್ಲ.

"ಆ ಸೀಸೆಗಳು ಇನ್ನೂ ಇಲ್ಲೇ ಇವೆ."

"ಬಣ್ಣ ಅವು."

"ಅರೆದಿದ್ದು ಯಾರು ಅಮ್ಮಾ?"

ನಾನು ಒಲೆಯ ಕಡೆ ತಿರುಗಿದೆ.

"ಹೋದವರ ಕೈಕೆಲಸ ಮನೆ ಹಿಂದೆ ಇಟ್ಕೊಂಡು ಕೂತಿದ್ದೀಯ, ಇಲ್ಲಿ ಹಸುಗೂಸು ಸಂಜೆಯಾದ್ರೆ ಉಸಿರುಗಟ್ಟಿ ಅಳುತ್ತೆ. ನಾನು ಹೊಟ್ಟೆನೋವಿನ ಔಷಧಿ ಹಾಕ್ತಾ ಕೂತಿದ್ದೀನಿ! ನೀನು ಅಪ್ಪನ್ನ ಹೋಗೋಕೆ ಬಿಡ್ತಿಲ್ಲ. ಬಾಗಿಲಿಗೆ ಕಟ್ಟಿ ಹಾಕಿದ್ದೀಯ."

"ಕಲ್ಲು ಹೆಕ್ಕಿ ತಂದವಳು ನಾನು. ಮೂವತ್ತು ವರ್ಷದಿಂದ ನನ್ನ ಕೆಲಸ ಅದು. ನಿನ್ನ ಹೊಟ್ಟೆ ತುಂಬಿಸಿದ್ದೂ ಅದೇ."

"ಹಾಗಿದ್ರೆ ಇಟ್ಕೋ. ಅದನ್ನೇ ಇಟ್ಕೋ."

ನನ್ನದೇ ನಾಲಿಗೆ ಅವಳಿಗೆ. ಡೆಲ್ಬರ್ಟನಿಗೆ ಫೋನ್ ಮಾಡಿದಳು, ಅವನು ಬಂದ. ಮಗುವನ್ನು ಹಲಗೆಗೆ ಬಿಗಿದು, ಬಟ್ಟೆ ಚೀಲಕ್ಕೆ ತುಂಬಿ ಅವನ ಮನೆಗೆ ಹೊರಟಳು. ಡೆಲ್ಬರ್ಟ್ ನನ್ನ ಭುಜ ಮುಟ್ಟಿ, "ಅಕ್ಕ, ಅವತ್ತು ನಾನೂ ಗಟ್ಟಿಯಾಗಿ ಹೇಳ್ಬೇಕಿತ್ತು" ಎಂದ.

ಮಗುವಿನ ಅಳು ಇಲ್ಲದ ಮನೆ ಇಷ್ಟು ದೊಡ್ಡದು ಎಂದು ನನಗೆ ತಿಳಿದಿರಲಿಲ್ಲ. ನಾನು ಅತ್ತುಬಿಟ್ಟೆ. ಸತ್ಯವಾಗಿ, ಅಕ್ಟೋಬರಿನಿಂದ ಇವತ್ತೇ ಮೊದಲು.

ಮಾರ್ಚ್ 2

ಬೆಟ್ಟ: ಬುಡದಲ್ಲಿ ನೀಲಿ. ಮೋಡ ಇರಬೇಕು.

ಅವಳು ಹೇಳಿದ್ದು ಸುಳ್ಳಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನು ಆ ಸೀಸೆಗಳಿಂದ ಒಂದು ಗೆರೆಯನ್ನೂ ಎಳೆದಿಲ್ಲ. ಹೊಸ ಕಲ್ಲು ತಂದು ಅರೆದಿದ್ದೂ ಇಲ್ಲ. ಬಣ್ಣ ನನ್ನದಾಗಿದ್ದರೆ ಬಳಸುತ್ತಿದ್ದೆ. ಮುಚ್ಚಳ ತೆಗೆದು ಆ ಬೆರಳಿನ ಗುಳಿ ನೋಡಿ ಮುಚ್ಚುತ್ತೇನೆ, ಅಷ್ಟೇ.

ಮಾರ್ಚ್ 6

ಕ್ಲಿಟ್ಸೋ ಅಜ್ಜನ ಹತ್ತಿರ ಹೋದೆ. ಕಾಯಿಲೆ ಬಿದ್ದವರಿಗೆ ಮಂತ್ರದ ಹಾಡು ಹಾಡಿ ಗುಣಪಡಿಸುವ ಮುದುಕ. ಗೋಧಿಹಿಟ್ಟು, ಕಾಫಿಪುಡಿ ಒಯ್ದಿದ್ದೆ. ಟಿವಿಯಲ್ಲಿ ನಮ್ಮ ಹುಡುಗಿಯರ ಶಾಲಾ ಬಾಸ್ಕೆಟ್‌ಬಾಲ್. ನಾನು ಕೂತು ಸೀಸೆಗಳ ಕಥೆ ಶುರುಮಾಡಿದೆ.

"ಸುಮ್ನಿರು ಮರಿಯೆಟ್ಟಾ, ಫ್ರೀ ಥ್ರೋ ಇದೆ."

ಚೆಂಡು ಬುಟ್ಟಿಗೆ ಬೀಳಲಿಲ್ಲ. ಅಜ್ಜ ಆ ಹುಡುಗಿಯನ್ನೂ, ಅವಳ ಕೋಚನ್ನೂ, ಅವನ ಬೂಟನ್ನೂ ಬೈದ. ವಿರಾಮ ಬಂದಾಗ ನನ್ನ ಕಡೆ ತಿರುಗಿದ.

"ಆ ಮಣ್ಣು ತರುವಾಗ ಕೇಳಿ ತಂದ್ರಾ?"

"ಪ್ರತಿ ಸಲ. ಅವನು ಜೋಳದ ಹೂವಿನ ಪುಡಿ ಕಾಣಿಕೆ ಇಟ್ಟು, ಬೆಟ್ಟಕ್ಕೆ ಹೇಳಿಯೇ ಅಗೆಯೋನು. ನಾನು ಬೇಗ ಬೇಗ ಅಂತಿದ್ದೆ."

"ಕೇಳಿ ತಂದಿದ್ದು ಅವನದು ಹೇಗಾಗತ್ತೆ? ನಿನ್ನದು ಹೇಗಾಗತ್ತೆ? ತಾಯಿ ಮಗಳು ಇಬ್ರೂ ಅದನ್ನ ಹಿಡ್ಕೊಂಡು ಜಗ್ಗಾಡ್ತಿದ್ದೀರ. ಎಲ್ಲೆಲ್ಲಿಂದ ತಂದ್ರೋ ಅಲ್ಲಲ್ಲಿಗೆ ಕೊಟ್ಟು ಬಾ. ಪೂರ್ವದಿಂದ ಶುರುಮಾಡು, ಸೂರ್ಯ ಹೋದ ಹಾಗೆ ಹೋಗು. ಸೀಸೆ ಒಡೆದು ಬಿಡು." ಆಟ ಮತ್ತೆ ಶುರುವಾಯಿತು. "ಈಗ ನೋಡು, ಇವಳು ಹಾಕ್ತಾಳೆ."

ಅವಳು ಹಾಕಿದಳು.

ಮಾರ್ಚ್ 15

ಬೆಟ್ಟ: ಸೂರ್ಯ ಬರುವ ಮುಂಚೆ ನೇರಳೆ, ಆಮೇಲೆ ತುದಿಯಲ್ಲಿ ಒಂದು ತೆಳುವಾದ ಹಳದಿ, ಮೊಟ್ಟೆಯ ಭಂಡಾರದಂಥದು.

ಟ್ರಕ್ಕಿಲ್ಲವಲ್ಲ, ಡೆಲ್ಬರ್ಟನನ್ನು ಕರೆದೆ. ಬಿಳಿಯನ್ನು ಪೂರ್ವದ ಹಳ್ಳದ ದಂಡೆಗೆ ಕೊಟ್ಟು ಬಂದೆವು. ಹಿಮ ಕರಗಿ ಹಳ್ಳದಲ್ಲಿ ನೀರು ಹರಿಯುತ್ತಿತ್ತು. ಪುಡಿ ಬಿದ್ದ ಕಡೆ ಹಾಲಾಗಿ ಸ್ವಲ್ಪ ದೂರ ಹೋಗಿ ಬೆರೆತುಹೋಯಿತು. ನೋಡುತ್ತ ನಿಂತೆ. ಡೆಲ್ಬರ್ಟ್ ಎರಡು ಸಲ ಕರೆದನಂತೆ.

ಮಾರ್ಚ್ 21

ನೀಲಿಯನ್ನು ದಕ್ಷಿಣದ ಜೇಡಿಮಣ್ಣಿನ ದಿಬ್ಬಗಳಿಗೆ ಕೊಟ್ಟೆ. ಹತ್ತಿರದಿಂದ ನೋಡಿದರೆ ಅಲ್ಲಿ ನೀಲಿಯೇ ಇಲ್ಲ. ಬೂದು, ಬದನೆಕಾಯಿ ಬಣ್ಣ, ಒಂದಿಷ್ಟು ಹಸಿರು. ದೂರ ಬಂದು ತಿರುಗಿದರೆ ನೀಲಿ. ಇಷ್ಟು ವರ್ಷ ಇದನ್ನು ಹೇಗೆ ಮರೆತಿದ್ದೆ? ಡೆಲ್ಬರ್ಟನಿಗೆ ತೋರಿಸಿದೆ. "ನೀಲಿ ಅಂತೆ, ಇಲ್ಲ ಅಂತೆ. ನನಗೆ ಬರ್ಗರ್ ಕೊಡಿಸು" ಎಂದ.

ರೊಲಿಂಡಾ ಹೇಗಿದ್ದಾಳೆ ಎಂದು ಕೇಳಿದೆ. ಮಗು ಈಗ ಅಷ್ಟು ಅಳುವುದಿಲ್ಲವಂತೆ. ಇನ್ನೂ ನಕ್ಕಿಲ್ಲವಂತೆ.

ಮಾರ್ಚ್ 28

ಹಳದಿ ಪಶ್ಚಿಮಕ್ಕೆ ಹೋಯಿತು. ಕಪ್ಪನ್ನು ಉತ್ತರದಲ್ಲಿ ಕಲ್ಲಿದ್ದಲು ಸಿಗುವ ಗುಡ್ಡಕ್ಕೆ ಒಯ್ದು ಕೊಟ್ಟೆ. ಗಾಳಿಯ ಕಾಲ ಶುರುವಾಗಿದೆ, ಹಲ್ಲಲ್ಲೆಲ್ಲ ಧೂಳು.

ಉಳಿದದ್ದು ಕೆಂಪು. ಅದನ್ನು ನಾಳೆ ಒಯ್ಯುತ್ತೇನೆ.

ಮಾರ್ಚ್ 29

ನಾಳೆ.

ಏಪ್ರಿಲ್ 1

ಕುರಿಮರಿ ತೀರಿಹೋಯಿತು. ಬಾಟಲಿ ಹಾಲು ಒಗ್ಗಲಿಲ್ಲ. ಕೆಂಪನ್ನು ಈ ವಾರ ಒಯ್ಯಲಾಗುವುದಿಲ್ಲ. ಗಾಳಿಯೂ ಜೋರಾಗಿದೆ.

ಏಪ್ರಿಲ್ 3

ನೆಪ ಹೇಳುತ್ತಿದ್ದೇನೆ. ಈ ಪುಟದಲ್ಲಾದರೂ ಸುಳ್ಳು ಬೇಡ. ಆ ಗುಳಿಯೊಂದು ಹೋದರೆ ಅವನು ಪೂರ್ತಿ ಹೋದ. ಅವನಿಲ್ಲದೆ ನನಗೆ ಬದುಕಲು ಬರುವುದಿಲ್ಲ ಎಂದಲ್ಲ, ಬರುತ್ತಿದೆ. ಅದೇ ನನಗೆ ಹೆದರಿಕೆ.

ರೊಲಿಂಡಾಳಿಗೆ ಫೋನ್ ಮಾಡಿದೆ. "ಕೆಂಪು ಒಂದು ಉಳಿದಿದೆ. ನನ್ನ ಕೈಲಿ ಒಬ್ಬಳೇ ಆಗಲ್ಲ ಕಣೇ. ನೀನು ಬಾ." ಆ ಕಡೆಯಿಂದ ಮಗುವಿನ ಬೆನ್ನು ತಟ್ಟುವ ಸದ್ದು ಕೇಳಿಸಿತು. ಆಮೇಲೆ, "ಬೆಳಗ್ಗೆ ಮಾವನ ಟ್ರಕ್ ತರ್ತೀನಿ. ಮಗು ಟ್ರಕ್ಕಿಂದ ಇಳಿಯಲ್ಲ. ನೀನು ಸೀಸೆ ಹಿಡ್ಕೊಂಡು ಹಿಂದೆ ಕೂರ್ಬೇಕು" ಎಂದಳು.

ಏಪ್ರಿಲ್ 4

ಅಕ್ಷರ ವಕ್ರವಾಗಿ ಬರುತ್ತಿದೆ.

ಟ್ರಕ್ಕಿನ ಹಿಂಬದಿ ತೊಟ್ಟಿಯಲ್ಲಿ ಸೀಸೆ ತಬ್ಬಿಕೊಂಡು ಕೂತು ಹೋದೆ. ಕೆಂಪು ಬಂಡೆಗಳ ಬುಡದಲ್ಲಿ ನಾವು ಯಾವಾಗಲೂ ಅಗೆಯುವ ಜಾಗ. ಅವನ ಗುದ್ದಲಿಯ ಗುರುತು ಮಳೆಗೆ ಅಳಿಸಿಹೋಗಿದೆ. ರೊಲಿಂಡಾ ದೂರದಲ್ಲಿ ನಿಲ್ಲಿಸಿ, ಮಗುವನ್ನು ಮುಂದಿನ ಸೀಟಿನಲ್ಲಿ ಹಲಗೆ ಸಮೇತ ಕಿಟಕಿಗೆ ಒರಗಿಸಿ, ಗಾಜು ಇಳಿಸಿ ಪಕ್ಕದಲ್ಲಿ ನಿಂತಳು.

ನಾನು ಜೋಳದ ಹೂವಿನ ಪುಡಿ ಇಟ್ಟೆ. ಅವನು ಹೇಳುತ್ತಿದ್ದ ಮಾತನ್ನೇ ಹೇಳಿದೆ. ನನಗೆ ಬಾಯಿಪಾಠವಾಗಿತ್ತು ಎಂದು ನನಗೇ ಗೊತ್ತಿರಲಿಲ್ಲ. ಮುಚ್ಚಳ ತೆಗೆದೆ. ಗುಳಿ ನೋಡಿದೆ. ಹೋಗು ಎಂದೆ. ಸೀಸೆ ಬಗ್ಗಿಸಿದೆ.

ಅಲ್ಲಿಯವರೆಗೆ ಬೆನ್ನಿಗೆ ಬೀಸುತ್ತಿದ್ದ ಗಾಳಿ ಬಂಡೆಗೆ ಬಡಿದು ಗಿರ್ರನೆ ತಿರುಗಿತು. ಸೀಸೆಯಲ್ಲಿದ್ದುದೆಲ್ಲ ನನ್ನ ಮುಖಕ್ಕೆ ಬಂತು. ಕಣ್ಣು, ಮೂಗು, ಕೂದಲು, ತೆರೆದ ಬಾಯಿ.

"ಯಾದಿಲಾ! ಅಯ್ಯೋ ಅಮ್ಮಾ, ಉಗಿ! ಉಗಿ ಅದನ್ನ, ನುಂಗ್ಬೇಡ!" ರೊಲಿಂಡಾ ಕಿರುಚಿದಳು.

ನನಗೂ ಪ್ರಾಣಭಯ. ಹೋದವನು ಮುಟ್ಟಿದ್ದು ನನ್ನ ಬಾಯೊಳಗಿತ್ತು. ಆದರೆ ಉಗಿಯುವ ಮುಂಚೆ ನನಗೆ ತಿಳಿಯದೆಯೇ ಹಲ್ಲು ಮಸೆದೆ.

ಹಲ್ಲಿಗೆ ಏನೂ ಸಿಗಲಿಲ್ಲ. ಒಂದು ಕಣವೂ ಇಲ್ಲ. ಬೆಣ್ಣೆ.

ಕಣ್ಣು ಬಿಟ್ಟೆ. ಮೊದಲು ಕಂಡದ್ದು ಟ್ರಕ್ಕಿನ ಕಿಟಕಿಯಲ್ಲಿ ಮಗುವಿನ ಮುಖ. ಅದು ನನ್ನನ್ನೇ ನೋಡುತ್ತಿತ್ತು. ಮೈಯೆಲ್ಲ ಕೆಂಪು ಬಳಿದುಕೊಂಡು, ಉಗಿಯಲು ನಾಲಿಗೆ ಆಚೆ ಚಾಚಿ ನಿಂತ ಅಜ್ಜಿಯನ್ನು. ಹುಬ್ಬು ಗಂಟಾಯಿತು. ಗಲ್ಲ ನಡುಗಿತು. ಅಳುತ್ತದೆ ಅಂದುಕೊಂಡೆ. ನಕ್ಕಿತು.

ಮುಗುಳ್ನಗೆಯಲ್ಲ. ಗಟ್ಟಿಯಾಗಿ, ಹೊಟ್ಟೆಯಿಂದ, ಬಿಕ್ಕಳಿಕೆ ಬರುವ ಹಾಗೆ.

ರೊಲಿಂಡಾ ಎರಡೂ ಕೈ ಬಾಯಿಗೆ ಒತ್ತಿಕೊಂಡಳು. ನಾನು ಮುಖ ಆಚೆ ತಿರುಗಿಸಿಕೊಳ್ಳಬೇಕು ಎಂದು ಆಗ ನೆನಪಾಗಿ ತಿರುಗಿದೆ. ಏನು ಪ್ರಯೋಜನ, ಆಗುವುದು ಆಗಿಹೋಗಿತ್ತು. ಮಗು ಹಿಂದಿನಿಂದ ಇನ್ನೂ ನಗುತ್ತಿತ್ತು.

"ತಪ್ಪಾಯ್ತು ಕಣೇ. ನಾನು ಬೇಕು ಅಂತ ಮಾಡ್ಲಿಲ್ಲ" ಅಂದೆ.

ಅವಳು ಬಂದು, ನಾನು ಹೆದರಿದಂತೆ ದೂರ ನಿಲ್ಲದೆ, ತನ್ನ ಅಂಗಿಯ ತೋಳಿನಿಂದಲೇ ನನ್ನ ಕಣ್ಣು ಒರೆಸಿದಳು. "ಹಾಗೇ ನಾಲಿಗೆ ಚಾಚ್ತಿದ್ರಲ್ಲ ಅಮ್ಮಾ..." ಎಂದಳು. ಯಾರು ಎಂದು ಹೇಳಲಿಲ್ಲ. ಇಬ್ಬರೂ ಅಲ್ಲೇ ಕೂತು ಅತ್ತೆವು. ಸೀಸೆಯನ್ನು ಬಂಡೆಗೆ ಬಡಿದು ಒಡೆದವಳು ಅವಳೇ.

ಏಪ್ರಿಲ್ 5

ಯುಕ್ಕಾ ಗಿಡದ ಬೇರಿನ ನೊರೆಯಲ್ಲಿ ರೊಲಿಂಡಾ ನನ್ನ ತಲೆ ತೊಳೆದಳು. ನೀರು ಎಷ್ಟೋ ಹೊತ್ತು ಕೆಂಪಾಗಿಯೇ ಹರಿಯಿತು. ಕ್ಲಿಟ್ಸೋ ಅಜ್ಜ ಬಂದು ದೇವದಾರಿನ ಹೊಗೆ ಹಾಕಿ, ಹಾಡಿ, ನಮ್ಮ ಮೂವರ ಮೇಲೂ ಗರಿ ಆಡಿಸಿದ.

ರೊಲಿಂಡಾ ಕೇಳಿಯೇಬಿಟ್ಟಳು. "ಅಜ್ಜ, ಮಗು ನಕ್ಕಿದ್ದು ಯಾರಿಗೆ ಅಂತ ಲೆಕ್ಕ? ಬಣ್ಣ ಅಮ್ಮಂದಲ್ಲ. ಗಾಳಿ ಅಮ್ಮಂದಲ್ಲ."

"ಮುಖ ಯಾರದು?"

"ಅಮ್ಮಂದು."

"ಮತ್ತೆ? ಕೆಂಪು ಮಣ್ಣನ್ನ ನಾವೇ ಮುಖಕ್ಕೆ ಹಚ್ಚಿ ಒಳ್ಳೇದಾಗ್ಲಿ ಅಂತೀವಿ. ಹೋಗುವವನು ಹಚ್ಚಿ ಹೋದ. ಕುರಿ ಕಡೀರಿ, ಉಪ್ಪು ತನ್ನಿ. ನನಗೆ ಪಕ್ಕೆಲುಬು ಇರ್ಲಿ."

ಮಗುವಿಗೆ ನನ್ನ ಗುಣವೇ ಬರುತ್ತದೆ ಹಾಗಾದರೆ. ಪಾಪ. ರೊಲಿಂಡಾ ಏನೂ ಹೇಳಲಿಲ್ಲ. ಬಟ್ಟೆಯ ಚೀಲವನ್ನು ಮಾತ್ರ ಮತ್ತೆ ಒಳಗೆ ತಂದಿಟ್ಟಳು.

ಏಪ್ರಿಲ್ 8

ಡೆಲ್ಬರ್ಟ್ ಹಳ್ಳದಿಂದ ಒಂದು ಚಪ್ಪಟೆ ಕಲ್ಲು ತಂದು ಶೆಡ್ಡಿನ ಮುಂದೆ ಎತ್ತಿಹಾಕಿದ. "ಬಾಗಿಲಿಗೆ ಅಡ್ಡ ಇಡೋಕೆ" ಎಂದ. ಶೆಡ್ಡಿನ ಬಾಗಿಲಿಗೆ ಅಷ್ಟು ದೊಡ್ಡ ಕಲ್ಲು ಯಾರಿಗೆ ಬೇಕು?

ಬೆಟ್ಟದಿಂದ ಬರುವಾಗ ಅವತ್ತು ಅಂಗಿಯ ಜೇಬಿನಲ್ಲಿ ಒಂದು ಕೆಂಪು ಹೆಂಟೆ ಬಂದಿತ್ತು. ಕೇಳಿಯೇ ತಂದದ್ದು. ಸುಮ್ಮನೆ ಕಲ್ಲಿನ ಮೇಲಿಟ್ಟು ಎರಡು ಸುತ್ತು ತಿರುಗಿಸಿದೆ. ಭುಜ ನೋಯುತ್ತದೆ. ಹೇಗೆ ಕೂರುತ್ತಿದ್ದನೋ ಮಾರಾಯ.

ಏಪ್ರಿಲ್ 13

ಬೆಟ್ಟ: ಬೆಳಗ್ಗೆ ಎದ್ದಾಗ ಬಂಡೆಗಳು ಒಳಗಿನಿಂದ ಕಾಯ್ದ ಕಬ್ಬಿಣದಂತೆ. ಬುಡದಲ್ಲಿ ಹೋದ ವರ್ಷದ ಹುಲ್ಲಿನ ಒಣ ಬಿಳುಪು, ಅದರ ಮೇಲೆ ನೆರಳಿನ ಗೆರೆ, ನೇರಳೆಗಿಂತ ಒಂದು ತೂಕ ಕಪ್ಪು. ನೆರಳು ಸರಿದ ಹಾಗೆ ಕೆಂಪು ಕಿತ್ತಳೆಯಾಗದೆ ಗುಲಾಬಿಯಾಯಿತು, ಕುರಿಯ ಕಿವಿಯ ಒಳಬದಿಯ ಹಾಗೆ. ಇನ್ನೂ ಇತ್ತು, ಕಾಫಿ ಆರಿಹೋಗುತ್ತದೆಂದು ಒಳಗೆ ಬಂದೆ.

ಇವತ್ತು ಊಟ. ಹಿತ್ತಿಲು ತುಂಬ ಜನ. ಮಾಂಸದ ಸಾರು, ನೀಲಿ ಜೋಳದ ಅಂಬಲಿ, ಎಣ್ಣೆಯಲ್ಲಿ ಕರಿದ ರೊಟ್ಟಿ. ನಾನು ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಅದರ ಮುಷ್ಟಿಯಲ್ಲಿ ಉಪ್ಪಿನ ಹರಳಿಟ್ಟು, ಬಂದವರ ಅಂಗೈಗೆ ಒಂದೊಂದಾಗಿ ಬಿಡಿಸಿ ಹಾಕಿಸಿದೆ. ಹುಟ್ಟಿದಾಗ ಬಿಗಿದ ಮುಷ್ಟಿ ಅದು, ಬಿಡಿಸುವುದೇ ಕಷ್ಟ.

"ಎರಡು ತಿಂಗಳು ಕತ್ತೆ ಥರ ಕೂಗಿದ್ದು ನಾನು. ಮಣ್ಣು ತಿಂದು ಗೆದ್ದಿದ್ದು ಇವಳು" ಎಂದು ಡೆಲ್ಬರ್ಟ್ ಎಲ್ಲರೆದುರು ದೂರು ಹೇಳಿದ. ಆಮೇಲೆ ಶೆಡ್ಡಿನೊಳಗೆ ಇಣುಕಿದ. ಈ ವಾರ ಒಂದು ಚಿಕ್ಕ ಬಟ್ಟೆ ಬಿಗಿದಿದ್ದೆ, ಒಂದು ಕೆಂಪು ಪಟ್ಟೆ ಮಾತ್ರ ಆಗಿದೆ, ಅದೂ ಒರಟು.

"ಅಕ್ಕ, ಮತ್ತೆ ಅದೇ. ಇದ್ರಲ್ಲಿ ಕುರಿ ಎಲ್ಲಿ?"

"ನಿನ್ನ ತಟ್ಟೇಲಿ" ಅಂದೆ.

ಎಲ್ಲರೂ ನಕ್ಕರು. ಮಗುವೂ, ಎಲ್ಲರೂ ನಕ್ಕರೆಂದು. ರೊಲಿಂಡಾ ಮಾತ್ರ ನಗದೆ, ಸಾರಿನ ಸೌಟು ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದಳು. ನಾನೇನು ತಪ್ಪು ಹೇಳಿದೆನೋ.

ಎಲ್ಲರೂ ಹೋದ ಮೇಲೆ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ಕೂತೆ. ಒಂದು ಚಿಟಿಕೆ ನಾಲಿಗೆಗೆ ಹಾಕಿ ನೋಡಿದೆ. ಹಲ್ಲಿಗೆ ಸಿಕ್ಕಿತು. ಇನ್ನೂ ಕಲ್ಲು. ಬೆಳಗ್ಗೆ ಮತ್ತೆ ಅರೆಯಬೇಕು.